ನಾದಿನಿ ನಾಯಿಗೆ ನಡೆಯಲು ಕಲಿಸಿದ್ದು

ಸಂಜೆ ದೋಸೆಗೆ ರುಬ್ಬುತ್ತಿದ್ದೆ. ಎದುರುಮನೆಯ ಮಾಮಿ ಗೇಟಿನಿಂದಲೇ ಕೂಗಿದರು: "ಸೀಕ್ರಂ ವಾಂಗೊ, ಉಂಗ ನಾತ್ತನಾರ್ ವಿಳುಂದುಟ್ಟಾ!" ನಾದಿನಿ ಬಿದ್ದಳು ಎಂದು ಕೇಳಿದ್ದೇ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದೆ.

ಆಗ ನಾವು ಮದರಾಸಿನ ಹತ್ತಿರ ತಾಂಬರಂನಲ್ಲಿ ಬಾಡಿಗೆಗಿದ್ದೆವು. ಎಂಬತ್ತರ ದಶಕದ ಮಾತು. ನಮ್ಮ ಯಜಮಾನರ ತಂಗಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನ ಶಕ್ತಿ ಹೋಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ, ಬಲಗಂಕುಳಲ್ಲಿ ಊರುಗೋಲು. ಬೀದಿಗೆ ಹೊರಟರೆ ಅತ್ತೆಯೋ ನಾನೋ ಜೊತೆಗಿರಬೇಕು. ನಮ್ಮ ಅಂಗಳ ಸೇರಿದ್ದ ಕಂದು ನಾಯಿ ಅವಳನ್ನು ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ಕರೆದುಕೊಂಡು ಹನುಮಂತರಾಯನ ಗುಡಿಯವರೆಗೆ ತಾನೇ ಹೋಗಿಬರುತ್ತೇನೆಂದು ಅಂದು ಮೊದಲ ಬಾರಿ ಹೊರಟಿದ್ದಳು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ನಾಯಿ ಎಳೆಯಿತು, ಅವಳು ಬಿದ್ದಳು. ರಾಯರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಸಾಕಮ್ಮ ಈ ಮೆರವಣಿಗೆ. ನಿಮ್ಮಣ್ಣ ಬರಲಿ, ಅದನ್ನ ಎಲ್ಲಾದ್ರೂ ದೂರ ಬಿಟ್ಟುಬರಕ್ಕೆ ಹೇಳ್ತೀನಿ," ಎಂದರು ಅತ್ತೆ.

"ಅದು ಹೋದ್ರೆ ನಾನೂ ಒಳಗೇ ಕೂತ್ಕೋತೀನಮ್ಮ. ನಿಮ್ಮಗಳ ಕೈ ಹಿಡ್ಕೊಂಡು ಇನ್ನೆಷ್ಟು ವರ್ಷ ನಡೀಲಿ?"

ಅತ್ತೆ ಅವಳ ಮೊಣಕೈಗೆ ಅರಿಶಿನ ಒತ್ತಿದರು. "ಏಕಾದಶಿವರೆಗೂ ನೋಡ್ತೀನಿ. ಅಷ್ಟರಲ್ಲಿ ಅದಕ್ಕಾದ್ರೂ ಬುದ್ಧಿ ಬರಲಿ, ನಿನಗಾದ್ರೂ ಬರಲಿ."

ಮರುದಿನದಿಂದ ಅಂಗಳದಲ್ಲೇ ಪಾಠ. ಹಗ್ಗ ಸುತ್ತಿಕೊಳ್ಳುವುದನ್ನು ಬಿಟ್ಟು ಎಡಗೈಯಲ್ಲಿ ಸುಮ್ಮನೆ ಹಿಡಿದಳು. "ನಾನು ಎಳೆದ್ರೆ ನಾನೇ ಬೀಳೋದು ಅತ್ತಿಗೆ. ಅದಕ್ಕೆ ನಿಂತುಬಿಡ್ತೀನಿ," ಎಂದಳು. ಹಗ್ಗ ಬಿಗಿಯಾದರೆ ಊರುಗೋಲು ಊರಿ ಕಂಬದ ಹಾಗೆ ನಿಲ್ಲುವಳು. ಬೈಗುಳವಿಲ್ಲ, ಏಟಿಲ್ಲ. ನಾಯಿಗೆ ಬೇಸರವಾಗಿ ಹಿಂದೆ ಬಂದು ಹಗ್ಗ ಜೋಲಿದರೆ ಮಾತ್ರ ಹೆಜ್ಜೆ ಇಡುವಳು. ಅವಳ ತಾಳ್ಮೆ ನನಗೆ ಜಪಕ್ಕೆ ಕೂತಾಗಲೂ ಇರುವುದಿಲ್ಲ.

ಆದರೂ ನಾಯಿ ಮತ್ತೆ ಮತ್ತೆ ಮುಂದಕ್ಕೆ ನುಗ್ಗುತ್ತಲೇ ಇತ್ತು. ಒಂದು ಬೆಳಿಗ್ಗೆ ಅತ್ತೆ ಎಂದಿನಂತೆ ಮಡಿಯಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು, ನಾಯಿ ಹತ್ತಿರ ಬರದಿರಲೆಂದು ದೋಸೆಯ ಚೂರನ್ನು ಅಂಗಳದ ಆ ತುದಿಗೆ ಎಸೆದರು. ನಾಯಿ ಬಾಣದಂತೆ ಓಡಿತು. ನಾದಿನಿ ನಕ್ಕುಬಿಟ್ಟಳು.

"ಅಮ್ಮ, ಇದಕ್ಕೆ ಓಡೋ ಪಾಠ ಹೇಳ್ಕೊಟ್ಟಿರೋದು ನಿನ್ನ ಮಡಿ! ತಿಂಡಿ ಯಾವಾಗಲೂ ಮುಂದೆ ದೂರದಲ್ಲೇ ಬಿದ್ದಿರತ್ತೆ ಅನ್ಕೊಂಡಿದೆ. ನನ್ನ ಕಾಲ ಹತ್ರ ಕೊಡಬೇಕು."

"ಮಡೀಲಿ ನಾಯಿ ಬಾಯಿಗೆ ಕೈ ಹಾಕ್ಲಾ? ಚೆನ್ನಾಗಿದೆ!"

"ನೀನು ಕೊಡಬೇಡ ಮಹರಾಯ್ತಿ, ಎಸೀಬೇಡ ಅಷ್ಟೆ."

ಅಂದಿನಿಂದ ಅತ್ತೆ ಚೂರುಗಳನ್ನು ಒಂದು ಕರಟದಲ್ಲಿ ಹಾಕಿ ಕಟ್ಟೆಯ ಮೇಲಿಡತೊಡಗಿದರು. ನಾದಿನಿ ಅವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ನಾಯಿ ಪಕ್ಕದಲ್ಲೇ ಬಂದಾಗ ಊರುಗೋಲನ್ನು ಕಂಕುಳಲ್ಲಿ ಒತ್ತಿ ನಿಂತು, ತನ್ನ ಸೋತ ಕಾಲಿನ ಪಕ್ಕದಲ್ಲೇ ಒಂದೊಂದು ಚೂರು ಕೊಡುವಳು. ಬರಬರುತ್ತಾ ನಾಯಿ ಅವಳ ಕಬ್ಬಿಣದ ಪಟ್ಟಿಯ ಸದ್ದಿಗೆ ಹೆಜ್ಜೆ ಹೊಂದಿಸಿತು.

ಏಕಾದಶಿ ಬಂತು. ಮನೆಯಲ್ಲಿ ದೋಸೆಯಿಲ್ಲ, ಅನ್ನವಿಲ್ಲ. ನಾಯಿಗೆ ಏನು ಕೊಡುವುದೆಂದು ನಾನು ಯೋಚಿಸುತ್ತಿದ್ದೆ. ನೋಡಿದರೆ ಕರಟದ ತುಂಬ ಸಣ್ಣಗೆ ಹೆಚ್ಚಿದ ಕೊಬ್ಬರಿ. ಉಪವಾಸದ ಅತ್ತೆ ಅದನ್ನು ಯಾವಾಗ ಹೆಚ್ಚಿಟ್ಟರೋ!

ಸಂಜೆ ನಾದಿನಿ ಹೊರಟಳು. ನಾವಿಬ್ಬರೂ ಗೇಟಿನಲ್ಲಿ ನಿಂತೆವು. ಮೂರನೆಯ ಮನೆಯ ಮುಂದೆ ಮೇಕೆಯೊಂದು ಅಡ್ಡ ಬಂತು. ನಾಯಿ ಜಗ್ಗಿತು. ಅತ್ತೆ ನನ್ನ ತೋಳು ಹಿಡಿದುಕೊಂಡರು. ನಾದಿನಿ ನಿಂತಳು, ನಿಂತೇ ಇದ್ದಳು. ನಾಯಿ ಮೇಕೆಯನ್ನು ನೋಡಿತು, ಇವಳನ್ನು ನೋಡಿತು, ಹಿಂದೆ ಬಂದು ಅವಳ ಎಡಗಾಲಿಗೆ ಒರಗಿತು. ಜೋಲುವ ಹಗ್ಗ ಹಿಡಿದು ಅವಳು ತಿರುವಿನಲ್ಲಿ ಮರೆಯಾದಳು.

ತಿರುಗಿ ಬಂದಾಗ ಅವಳ ಹಣೆಯಲ್ಲಿ ಗುಡಿಯ ಸಿಂಧೂರವಿತ್ತು. ಅತ್ತೆ ಅವಳನ್ನು ನೇರ ನೋಡಲಿಲ್ಲ, ನನಗೆ ಹೇಳಿದರು: "ನಾಳೆಯಿಂದ ಹೂವು ತರಕ್ಕೆ ನೀನು ಹೋಗಬೇಡ. ಹೇಗೂ ಅವಳು ಹೋಗ್ತಾಳಲ್ಲ."

ನಾನು ಕೈ ತೊಳೆದು, ದ್ವಾದಶಿ ಪಾರಣೆಗೆ ಅಗಸೆ ಸೊಪ್ಪು ಬಿಡಿಸಲು ಕುಳಿತೆ.