ಗರಿಯ ನೊಣಕ್ಕೆ ಬಿದ್ದ ಮೀನು

ಕುವೈತಿನಲ್ಲಿ ನದಿಯೇ ಇಲ್ಲ. ಆದರೂ ನದಿಮೀನು ಹಿಡಿಯುವ ವಿದ್ಯೆಯನ್ನು ನಾನು ಕಲಿತದ್ದು ಇಲ್ಲೇ, ಮಿರ್ಕಾಬಿನ ನಮ್ಮ ಆಫೀಸಿನ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರಿಂದ. ಮಂಗಳೂರಿನ ಕೊಂಕಣಿ ಮನುಷ್ಯ. ಹಿಂದೊಮ್ಮೆ ಕಂಪೆನಿ ತರಬೇತಿಗೆಂದು ಸ್ಕಾಟ್ಲೆಂಡಿಗೆ ಕಳಿಸಿದಾಗ ಅಲ್ಲಿನ ಹೊಳೆಯಲ್ಲಿ ಟ್ರೌಟ್, ಗ್ರೇಲಿಂಗ್ ಮೀನು ಹಿಡಿದು ಬಂದವರು. ಎರೆಹುಳ, ಸಿಗಡಿ ಏನೂ ಬೇಡ. ಗಾಳಕ್ಕೆ ಗರಿ, ನೂಲು ಸುತ್ತಿ ಮಾಡಿದ ಹುಸಿ ನೊಣವೇ ಸಾಕು. ಹಿಡಿದ ಮೀನನ್ನು ಒದ್ದೆ ಕೈಯಲ್ಲಿ ಮುಟ್ಟಿ ಮತ್ತೆ ನೀರಿಗೇ ಬಿಡುವುದು ಅವರು ಅಲ್ಲಿಂದ ತಂದ ವ್ರತ. ಮೀನು ತಿಂದು ಬೆಳೆದವರಿಗೆ ಇದೆಂಥ ಹುಚ್ಚು ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಎರಡು ಚಳಿಗಾಲ, ಶುಕ್ರವಾರ ಬೆಳಿಗ್ಗೆ, ಕಡಲಬದಿಯ ಬಂಡೆಗಳ ಮೇಲೆ ಅವರ ಪಕ್ಕ ನಿಂತು ದಾರ ಬೀಸಿದೆ. ಗಾಳಕ್ಕೆ ನನ್ನ ಟೋಪಿ ಸಿಕ್ಕಿತು, ಅವರ ಕಾಲರು ಸಿಕ್ಕಿತು, ಮೀನು ಸಿಗಲಿಲ್ಲ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೊರಡುವ ದಿನ ಹತ್ತಿರ ಬಂತು. ಅವರ ಕಣ್ಣೆದುರು ಒಂದಾದರೂ ಹಿಡಿಯಬೇಕು, ಇಲ್ಲದಿದ್ದರೆ ಅವರು ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬ ಚಿಂತೆ ನನಗೆ ಹತ್ತಿತು.

ಕೊನೆಯ ಶುಕ್ರವಾರ ಅವರನ್ನು ಫರ್ವಾನಿಯಾದ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. "ಮೀನು ನಾನು ತರ್ತೇನೆ, ನೀನು ಮಸಾಲೆ ಅರೆದಿಡು" ಎಂದು ಹೆಂಡತಿಗೆ ಹೇಳಿದೆ. ಮಸಾಲೆ ಅರೆಸಿಟ್ಟು ಗಾಳಕ್ಕೆ ಹೋಗಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಿದ್ದೂ ಹೇಳಿದೆ.

"ಸಿಗದಿದ್ರೆ ಮಸಾಲೆಗೆ ಎಂತ ಹಾಕುದು, ನಿಮ್ಮ ಟೋಪಿಯಾ?" ಎಂದಳು.

ಬಿಸಿಲು ಏರುವಾಗ ದಾರ ಬಿಗಿಯಿತು. ಇಲ್ಲಿಯವರು ಶೀಮ್ ಅನ್ನುವ ಮೀನು, ಅಂಗೈಗಿಂತ ಅಗಲ. ನನ್ನ ಗುರುಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನನಗೆ ಅಳು ಬರುವಷ್ಟು ಸಂತೋಷ. ಮಸಾಲೆ, ಊಟ ಎಲ್ಲ ಮರೆತೆ. ಇದೇ ಗುರುದಕ್ಷಿಣೆ ಎಂದುಕೊಂಡು ಕೈ ಒದ್ದೆ ಮಾಡಿ, ಗಾಳ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟೆ.

"ಎಂತ ಮಾರಾಯ, ಬಿಟ್ಟೇಬಿಟ್ಟಿಯಾ?" ಅವರ ಮುಖ ಬಾಡಿತು.

"ನಿಮ್ಮ ವ್ರತ ಅಲ್ವಾ ಸರ್?"

"ನನ್ನ ವ್ರತ ನಂಗೆ. ನಿನ್ನ ಮೊದಲ ಮೀನು ತಿನ್ಬೇಕು ಅಂತ ಬೆಳಿಗ್ಗೆಯಿಂದ ಚಹಾ ಸಹ ಕುಡೀಲಿಲ್ಲ ನಾನು."

ಹೆಂಡತಿ ಆ ಮಸಾಲೆಗೆ ಮೊಟ್ಟೆ ಹಾಕಿದಳು. ಅವರು ಎರಡು ಸಲ ಬಡಿಸಿಕೊಂಡು, ಹೊರಡುವಾಗ "ಇನ್ನೊಂದು ಸಿಕ್ಕಿದ್ರೆ ಬಿಡ್ಬೇಡ, ತಿಂದು ನಂಗೆ ಫೋನು ಮಾಡು" ಎಂದರು.

ಕಳೆದ ತಿಂಗಳು ಸಿಕ್ಕಿತು. ಸಾರು ಮಾಡಿ ತಿಂದು ಮಂಗಳೂರಿಗೆ ಫೋನು ಮಾಡಿದೆ. ಎಷ್ಟು ದೊಡ್ಡದು, ಯಾವ ನೊಣಕ್ಕೆ ಬಿತ್ತು, ಅವರು ಏನೂ ಕೇಳಲಿಲ್ಲ.

"ತಲೆ ಯಾರು ತಿಂದದ್ದು?" ಎಂದರು.

"ಯಾರೂ ತಿನ್ನಲಿಲ್ಲ ಸರ್. ನಿಮ್ಮ ಪಾಲು ಅಂತ ತಟ್ಟೆಯಲ್ಲೇ ಉಂಟು."