ಟರ್ಮಿನ ಹಾಳೆಯಿಂದ ನಾನು ಬಿಟ್ಟ ಹೆಸರು

ಕಡೂರಿನಲ್ಲಿ ನಾನು ಬಿ.ಎ. ಓದಿದ ಕಾಲೇಜು ಈಗ ಇಲ್ಲ. ಯಾರೋ ದಾನಿಗಳು ಬಿಟ್ಟುಕೊಟ್ಟ ಹಳೆಯ ಛತ್ರದಲ್ಲಿ ಕೆಲವು ವರ್ಷ ನಡೆದು ಮುಚ್ಚಿಹೋಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಿಂದ ದಿನಾ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದೆ. ಅಪ್ಪನದು ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನೇ. ಅದನ್ನು ನಾನೂ ಮರೆಯುತ್ತಿರಲಿಲ್ಲ, ಮರೆಯಲು ಬೇರೆಯವರನ್ನೂ ಬಿಡುತ್ತಿರಲಿಲ್ಲ.

ಪ್ರತಿ ಟರ್ಮ್ ಮುಗಿಯುವಾಗ ಕಾಲೇಜು ಒಂದು ಹಾಳೆ ಹೊರಡಿಸುತ್ತಿತ್ತು. ಒಂದು ಮಗ್ಗುಲಲ್ಲಿ ಆ ಟರ್ಮಿನಲ್ಲಿ ನಡೆದದ್ದು: ಯಾರು ಭಾಷಣ ಮಾಡಿ ಹೋದರು, ಖೋಖೋದಲ್ಲಿ ಯಾರ ಮೇಲೆ ಸೋತೆವು, ಗ್ರಂಥಾಲಯಕ್ಕೆ ಯಾರು ಪುಸ್ತಕ ಕೊಟ್ಟರು. ಇನ್ನೊಂದು ಮಗ್ಗುಲಲ್ಲಿ ಮುಂದೆ ನಡೆಯಬೇಕಾದ್ದು: ಪರೀಕ್ಷೆಯ ವೇಳಾಪಟ್ಟಿ, ಹಾಲ್ ಟಿಕೆಟ್ ಕೊಡುವ ದಿನ, ಚೌಳಹಿರಿಯೂರಿನಲ್ಲಿ ಸೇವಾ ಶಿಬಿರ, ವಾರ್ಷಿಕೋತ್ಸವ. ಕಾಲೇಜಿನಲ್ಲಿ ಕನ್ನಡದ ಟೈಪ್‌ರೈಟರ್ ಇರಲಿಲ್ಲ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಕೈಯಲ್ಲೇ ಕೊರೆದು ಬರೆಯಬೇಕಿತ್ತು. ಆಮೇಲೆ ಜವಾನ ಅದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದ. ನನ್ನ ಅಕ್ಷರ ದುಂಡಾಗಿದೆ ಎಂದು ಕನ್ನಡ ಮೇಷ್ಟ್ರು ಈ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹಾಳೆ ಮನೆಗೆ ಬಂದರೆ ಅಪ್ಪ ಅದನ್ನು ಮಂಡಿಯ ಗೋಡೆಗೆ ಅಂಟಿಸುತ್ತಿದ್ದರು. ಈರುಳ್ಳಿ ತಂದ ರೈತರಿಗೆಲ್ಲ, ಇದು ನನ್ನ ಮಗಳು ಬರೆದದ್ದು ಎಂದು ತೋರಿಸುತ್ತಿದ್ದರು.

ಅದೇ ರೈಲಿನಲ್ಲಿ, ಅದೇ ತರಗತಿಗೆ, ನಮ್ಮೂರಿನಿಂದ ಇನ್ನೊಬ್ಬಳು ಬರುತ್ತಿದ್ದಳು. ಅವಳ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಸ್ಟೇಷನ್ನಿನ ಆಚೆ ಕ್ವಾರ್ಟರ್ಸ್‌ನಲ್ಲಿ ಅವರ ಮನೆ. ಬೌದ್ಧರಾದ ದಲಿತ ಕುಟುಂಬ. ಮೊದಲ ವಾರ ಒಂದು ಮಧ್ಯಾಹ್ನ ಅವಳು ನನ್ನ ಪಕ್ಕ ಕೂತು, ತನ್ನ ಡಬ್ಬಿಯಿಂದ ಹುಚ್ಚೆಳ್ಳು ಚಟ್ನಿಪುಡಿ ತೆಗೆದು ನನ್ನ ಕಡೆ ನೀಡಿದಳು. ನಾನು ನನ್ನ ಡಬ್ಬಿಯ ಮುಚ್ಚಳ ಹಾಕಿಕೊಂಡೆ. ಅವಳು ಚಮಚವನ್ನು ಹಿಂದಕ್ಕೆ ತಗೊಂಡು, "ಮುಚ್ಕೊಳ್ಳವ್ವ, ನೊಣ ಬಂದಾತು" ಎಂದಳು. ಬೇರೆ ಹುಡುಗಿಯರು ನಕ್ಕರು. ನಕ್ಕದ್ದು ನನ್ನನ್ನು ನೋಡಿ. ಆವತ್ತಿನಿಂದ ಎರಡು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ರೈಲಿನಲ್ಲಿ ಅವಳು ಕಿಟಕಿ ಹಿಡಿದರೆ ನಾನು ಬಾಗಿಲ ಕಡೆ ಹೋಗುತ್ತಿದ್ದೆ.

ಎರಡನೆಯ ವರ್ಷ ತರೀಕೆರೆಯಲ್ಲಿ ಕಾಲೇಜುಗಳ ನಡುವೆ ಚರ್ಚಾಸ್ಪರ್ಧೆ ನಡೆಯಿತು. ನಮ್ಮ ಕಾಲೇಜಿನಿಂದ ಪರವಾಗಿ ನಾನು, ವಿರೋಧವಾಗಿ ಅವಳು. ನನ್ನ ಭಾಷಣವನ್ನು ಕನ್ನಡ ಮೇಷ್ಟ್ರೇ ಬರೆದುಕೊಟ್ಟಿದ್ದರು. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೂರನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ತಲೆ ಖಾಲಿಯಾಯಿತು. ಮುಂದಿನ ಸಾಲಿನಲ್ಲಿ ಮೇಷ್ಟ್ರು ತುಟಿ ಆಡಿಸುತ್ತ ಮುಂದಿನ ಪದ ಹೇಳಿಕೊಡುತ್ತಿದ್ದರು. ಅದನ್ನು ತೀರ್ಪುಗಾರರೂ ನೋಡಿದರು. ಅರ್ಧಕ್ಕೇ ವಂದನೆ ಹೇಳಿ ಇಳಿದು ಬಂದೆ. ಅವಳು ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ವೇದಿಕೆ ಹತ್ತಿದಳು. ಏರುದನಿಯಿಲ್ಲ, ಕೈ ಬೀಸುವುದಿಲ್ಲ. ಹಿಂದೆ ಮಾತಾಡಿದವರ ಒಂದೊಂದು ಮಾತನ್ನೂ ನೆನಪಿಟ್ಟುಕೊಂಡು ಬಿಡಿಸಿ ಇಡುತ್ತ ಹೋದಳು. ನನ್ನ ಎರಡು ಪ್ಯಾರಾಗಳನ್ನೂ ಬಿಡಲಿಲ್ಲ. ಮೊದಲ ಬಹುಮಾನ ಅವಳಿಗೆ, ಅವಳಿಂದಾಗಿ, ವರ್ಷವರ್ಷ ಗೆದ್ದ ಕಾಲೇಜಿಗೆ ಹೋಗುವ ಪರ್ಯಾಯ ಫಲಕ ನಮ್ಮ ಕಾಲೇಜಿಗೆ.

ವಾಪಸು ಬರುವಾಗ ಬೀರೂರು ಸ್ಟೇಷನ್ನಿನಲ್ಲಿ ಮೇಷ್ಟ್ರು ಕಡೂರಿನ ಕಡೆ, ನಾವಿಬ್ಬರು ಅಜ್ಜಂಪುರದ ಕಡೆ ಹೋಗಬೇಕಿತ್ತು. ಫಲಕ ಅವಳ ತೊಡೆಯ ಮೇಲಿತ್ತು. ತೇಗದ ಹಲಗೆ, ನಡುವೆ ಹಿತ್ತಾಳೆಯ ತಗಡು. ಮೇಷ್ಟ್ರು ಅದನ್ನು ನನ್ನ ಕೈಗೆ ಕೊಡಲು ಅವಳಿಗೆ ಹೇಳಿದರು. ಕ್ವಾರ್ಟರ್ಸ್‌ನಲ್ಲಿ ಜಾಗ ಸಾಲದು, ಇವರ ಮನೆಯಲ್ಲಾದರೆ ಭದ್ರವಾಗಿರುತ್ತದೆ, ವಾರ್ಷಿಕೋತ್ಸವದ ದಿನ ತಂದರಾಯಿತು ಎಂದರು. ಅವಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಫಲಕವನ್ನು ಬೆಂಚಿನ ಮೇಲೆ ಇಟ್ಟು ಪ್ಲಾಟ್‌ಫಾರ್ಮಿನ ಆ ತುದಿಗೆ ನಡೆದುಹೋದಳು.

ಅಪ್ಪ ಫಲಕವನ್ನು ಮಂಡಿಯಲ್ಲಿ ತಮ್ಮ ಮೇಜಿನ ಹಿಂದೆ ನಿಲ್ಲಿಸಿದರು. ಬಂದವರೆಲ್ಲ ಮಗಳು ಗೆದ್ದಳಾ ಎಂದು ಕೇಳುತ್ತಿದ್ದರು. ಅಪ್ಪ ತಲೆಯಾಡಿಸುತ್ತಿದ್ದರು. ನಾನು ಅವರಿಗೆ ಹೇಳಿದ್ದು ನಮ್ಮ ಕಾಲೇಜು ಗೆದ್ದಿತು ಎಂದಷ್ಟೇ. ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಅದಕ್ಕೆ ಒಂದು ದಿನ ಹೂವನ್ನೂ ಮುಡಿಸಿದಳು.

ಟರ್ಮ್ ಮುಗಿಯುತ್ತ ಬಂತು. ಮೇಷ್ಟ್ರು ಹಾಳೆಯ ಕರಡು ಕೊಟ್ಟರು. ಚರ್ಚಾಸ್ಪರ್ಧೆಯ ಸುದ್ದಿಯಲ್ಲಿ ಅವಳ ಹೆಸರು, ತರಗತಿ, ಪ್ರಥಮ ಬಹುಮಾನ ಎಲ್ಲವೂ ಇತ್ತು. ಆಫೀಸಿನ ಮೂಲೆಯಲ್ಲಿ ಕೂತು ಸ್ಟೆನ್ಸಿಲ್ ಕೊರೆಯುತ್ತಿದ್ದ ನಾನು ಆ ಸಾಲಿಗೆ ಬಂದಾಗ ಪೆನ್ನು ಎತ್ತಿದೆ. ಈ ಹಾಳೆ ಮಂಡಿಯ ಗೋಡೆಗೆ ಹೋಗುತ್ತದೆ. ಅಪ್ಪ ಓದುತ್ತಾರೆ, ರೈತರು ಓದುತ್ತಾರೆ. ಹೆಚ್ಚು ಹೊತ್ತು ಯೋಚಿಸಲಿಲ್ಲ. "ನಮ್ಮ ಕಾಲೇಜಿನ ತಂಡವು ಪರ್ಯಾಯ ಫಲಕವನ್ನು ಗೆದ್ದುಕೊಂಡಿದೆ" ಎಂದು ಬರೆದು ಮುಂದಕ್ಕೆ ಹೋದೆ. ಮೇಷ್ಟ್ರು ಸ್ಟೆನ್ಸಿಲ್ಲನ್ನು ಬೆಳಕಿಗೆ ಹಿಡಿದು ಓದಿದರು. ಆ ಸಾಲಿನ ಹತ್ತಿರ ಅವರ ಕಣ್ಣು ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ಆಮೇಲೆ ಕೆಳಗೆ ಸಹಿ ಹಾಕಿದರು.

ಹಾಳೆ ಹಂಚಿದ ಸಂಜೆ ರೈಲು ಕಡೂರು ಬಿಟ್ಟ ಮೇಲೆ ಅವಳು ತನ್ನ ಜಾಗದಿಂದ ಎದ್ದು ಬಂದು ನನ್ನ ಎದುರು ನಿಂತಳು. ಬೋಗಿಯ ತುಂಬ ಸಂತೆ ಮುಗಿಸಿ ಊರಿಗೆ ಹೊರಟವರು, ರೈಲ್ವೆಯವರು, ಹಾಲಿನ ಕ್ಯಾನಿನವರು. ಅವಳು ಹಾಳೆ ಬಿಡಿಸಿ ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಖೋಖೋ, ಗ್ರಂಥಾಲಯ, ಅತಿಥಿಗಳ ಭಾಷಣ, ಒಂದನ್ನೂ ಬಿಡದೆ, ಆಕಾಶವಾಣಿಯಲ್ಲಿ ವಾರ್ತೆ ಓದುವವರ ಹಾಗೆ. ಜನ ಮಾತು ನಿಲ್ಲಿಸಿ ಕೇಳಿದರು. ಫಲಕದ ಸಾಲನ್ನು ಎರಡು ಸಲ ಓದಿ ನಿಲ್ಲಿಸಿದಳು.

"ತಂಡ ಅಂದ್ರೆ ಯಾರು?" ಎಂದು ಕೇಳಿದಳು.

ಮೇಷ್ಟ್ರು ಬರೆದದ್ದು, ನನ್ನನ್ನೇನು ಕೇಳುತ್ತೀಯ ಎಂದೆ.

"ಅಕ್ಷರ ನಿಂದು."

ಹಾಳೆಯಲ್ಲಿ ಜಾಗ ಇರಲಿಲ್ಲ ಎಂದೆ. ಅವಳು ಹಾಳೆ ಮಗುಚಿದಳು. ಅಲ್ಲಿ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದವರ ಪಟ್ಟಿ ಇತ್ತು.

"ಕ್ಲಾಸಿಗೆ ಬರ್ದೆ ಇರೋರ ಹೆಸ್ರಿಗೆಲ್ಲ ಜಾಗ ಐತೆ. ಇನಿಷಿಯಲ್ ಸಮೇತ ಬರ್ದಿದೀಯ. ನನ್ಗೆ ಮಾತ್ರ ಜಾಗ ಇಲ್ಲ."

ಯಾರೋ ಮುದುಕರು, ಹೋಗ್ಲಿ ಬಿಡವ್ವ, ಒಂದೇ ಊರೋರು ಎಂದರು. ಅವಳು ಅವರ ಕಡೆ ತಿರುಗಲಿಲ್ಲ. ಹಾಳೆಯನ್ನು ಮಡಿಸಿ ಪುಸ್ತಕದಲ್ಲಿ ಇಟ್ಟುಕೊಂಡು ಹೋಗಿ ಕೂತಳು. ಅಜ್ಜಂಪುರ ಬರುವವರೆಗೂ ಜನ ನನ್ನನ್ನೇ ನೋಡುತ್ತಿದ್ದರು. ಅವಳ ಮೇಲೆ ನನಗೆ ಆವತ್ತು ಬಂದಷ್ಟು ಸಿಟ್ಟು ಆಮೇಲೆ ಯಾರ ಮೇಲೂ ಬಂದಿಲ್ಲ. ನಾಚಿಕೆಯೂ ಇತ್ತು, ಆದರೆ ಅದನ್ನು ಸಿಟ್ಟು ಮೇಲಕ್ಕೆ ಬರಲು ಬಿಡಲಿಲ್ಲ.

ಮರುದಿನ ಅವಳು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಚರಿತ್ರೆಯ ತರಗತಿಯಿಂದ ನನಗೆ ಕರೆ ಬಂತು. ಕನ್ನಡ ಮೇಷ್ಟ್ರು ಆಗಲೇ ಅಲ್ಲಿದ್ದರು. ಕರಡನ್ನು ಮೇಜಿನ ಮೇಲೆ ಇಟ್ಟು, ನಾನು ಹೆಸರು ಬರೆದೇ ಕೊಟ್ಟಿದ್ದೆ, ಈ ಹುಡುಗಿ ಬಿಟ್ಟಿದ್ದಾಳೆ ಎಂದರು. ತಾವು ಓದಿ ಸಹಿ ಹಾಕಿದ್ದೀರಲ್ಲ ಸಾರ್ ಎಂದು ನಾನು ಹೇಳಿದೆ. ಅಲ್ಲಿಂದ ಮುಂದೆ ಅವರೂ ನನ್ನನ್ನು ಕಂಡರೆ ಮುಖ ಗಂಟಿಕ್ಕುವಂತಾದರು. ಪ್ರಿನ್ಸಿಪಾಲರಿಗೆ ಗಲಾಟೆ ಬೇಡವಾಗಿತ್ತು. ವಾರ್ಷಿಕೋತ್ಸವದ ದಿನ ಮೈಕಿನಲ್ಲಿ ಹೆಸರು ಹೇಳಿಸುತ್ತೇವೆ, ಅಷ್ಟಕ್ಕೆ ಮುಗಿಸಮ್ಮ ಎಂದರು. ಅವಳು ಒಪ್ಪಲಿಲ್ಲ. ಹಾಳೆಯಲ್ಲಿ ಆದದ್ದು ಹಾಳೆಯಲ್ಲೇ ಸರಿಯಾಗಬೇಕು ಎಂದಳು. ಪ್ರಿನ್ಸಿಪಾಲರು, ಸರಿ, ಬೇರೆ ಯಾರ ಕೈಲಾದರೂ ಬರೆಸೋಣ ಎಂದರು.

"ಬ್ಯಾಡ ಸಾರ್. ಇವ್ಳೇ ಬರೀಲಿ" ಎಂದಳು.

ಹಾಗಾಗಿ ನಾನು ಮತ್ತೆ ಆಫೀಸಿನ ಮೂಲೆಯಲ್ಲಿ ಕೂತೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಬೇಕೆಂದೇ ಅಂಕುಡೊಂಕಾಗಿ ಬರೆದೆ. ಅವಳು ಒಳಗೆ ಬಂದು ಬಗ್ಗಿ ನೋಡಿ, "ಚೆನ್ನಾಗಿ ಬರಿ. ಬರತ್ತೆ ನಿನ್ಗೆ" ಎಂದಳು. ಜವಾನ ಕೂಡ ಆ ಸ್ಟೆನ್ಸಿಲ್ ಯಂತ್ರಕ್ಕೆ ಹಾಕಲು ಬರುವುದಿಲ್ಲ ಎಂದ. ಹೊಸದೊಂದು ತೆಗೆದು ಬರೆದುಕೊಟ್ಟೆ. ಅವಳು ಮೊದಲ ಪ್ರತಿಯನ್ನು ಒಣಗುವ ಮುಂಚೆಯೇ ಎತ್ತಿಕೊಂಡು ಹೋದಳು.

ಆ ತಿದ್ದುಪಡಿಯ ಹಾಳೆಯನ್ನು ನಾನು ಮನೆಗೆ ಒಯ್ಯಲಿಲ್ಲ. ಎರಡು ದಿನ ಬಿಟ್ಟು ಅವಳ ಅಪ್ಪನೇ ಅದನ್ನು ತಂದರು. ಭಾನುವಾರ, ನಾನು ಮಂಡಿಯಲ್ಲಿ ಅಪ್ಪನಿಗೆ ಊಟ ಕೊಡಲು ಹೋಗಿದ್ದೆ. ಖಾಕಿ ಅಂಗಿಯ ಆ ಮನುಷ್ಯ ಮೆಟ್ಟಿಲ ಕೆಳಗೆ ನಿಂತು, "ಯಜಮಾನ್ರೇ, ನನ್ ಮಗಳ ಫಲಕ ಇಲ್ಲೈತಂತೆ. ತಗೊಂಡ್ ಹೋಗಾಕ್ ಬಂದೆ" ಎಂದರು. ಆ ಮನುಷ್ಯನ ಅಪ್ಪನಾಗಿದ್ದರೆ ತಲೆ ತಗ್ಗಿಸಿ "ಬುದ್ಧಿ" ಎನ್ನುತ್ತಿದ್ದ. ಇವರು ಯಜಮಾನ್ರೇ ಎಂದದ್ದು ಅಪ್ಪನ ಕಿವಿಗೆ ಮೊದಲು ಬಿತ್ತು ಎಂದು ನನಗೆ ಅನ್ನಿಸಿತು. ಅಪ್ಪ ಹಾಳೆ ಓದಿದರು. ನನ್ನನ್ನು ನೋಡಿದರು. ನನ್ನ ಮುಖ ಕಂಡ ಮೇಲೆ ಅವರು ಏನೂ ಕೇಳಬೇಕಾಗಿರಲಿಲ್ಲ. ಮಂಡಿಯಲ್ಲಿ ಹಮಾಲರೂ ನಾಲ್ಕಾರು ರೈತರೂ ಇದ್ದರು. ಅಪ್ಪ ಫಲಕ ತಂದು ಮೆಟ್ಟಿಲ ಮೇಲೆ ಇಟ್ಟರು.

"ಕೈಗೆ ಕೊಡಿ" ಎಂದರು ಅವಳ ಅಪ್ಪ.

"ಅಲ್ಲೇ ಐತಲ್ಲ, ತಗೊ."

ಆ ಮನುಷ್ಯ ಬಗ್ಗಲಿಲ್ಲ. "ಹಂಗಾದ್ರೆ ಇಲ್ಲೇ ಇರ್ಲಿ. ಕಾಲೇಜೋರೇ ಬಂದು ತಗೊಂಡ್ ಹೋಗ್ತಾರೆ" ಎಂದು ಬೆನ್ನು ತಿರುಗಿಸಿ ಸ್ಟೇಷನ್ನಿನ ಕಡೆ ಹೊರಟರು. ನಾನು ಆ ಫಲಕವನ್ನು ಎತ್ತಿಕೊಂಡು ಓಡಿ ಅವರ ಕೈಗೆ ಕೊಡಬಹುದಿತ್ತು. ಅವರು ಆಗಿನ್ನೂ ಬೀದಿ ತಿರುವು ದಾಟಿರಲಿಲ್ಲ. ನಾನು ನಿಂತಲ್ಲಿಂದ ಕದಲಲಿಲ್ಲ. ಮಧ್ಯಾಹ್ನವೆಲ್ಲ ಫಲಕ ಮೆಟ್ಟಿಲ ಮೇಲೇ ಇತ್ತು. ಒಳಗೆ ತರಲು ಅಪ್ಪನಿಗೆ ಮನಸ್ಸಿಲ್ಲ, ಹೊರಗೆ ಬಿಡಲು ಧೈರ್ಯವಿಲ್ಲ. ಜನ ಅದನ್ನು ದಾಟಿಕೊಂಡು ಓಡಾಡಿದರು. ಬಾಗಿಲು ಹಾಕುವಾಗ ಒಬ್ಬ ಹಮಾಲ ಎತ್ತಿ ಒಳಗಿಟ್ಟ.

ಮಂಗಳವಾರ ಪ್ರಿನ್ಸಿಪಾಲರ ಚೀಟಿ ಹಿಡಿದು ಕಾಲೇಜಿನ ಜವಾನ ಬಂದ. ಗೋಣಿತಾಟಿನಲ್ಲಿ ಸುತ್ತಿಕೊಂಡು ಕಡೂರಿಗೆ ಒಯ್ದ.

ಸುಳ್ಳು ಹೇಳಿದ್ದಕ್ಕೆ ಅಪ್ಪ ನನ್ನನ್ನು ಬೈಯುತ್ತಾರೆ ಎಂದು ಕಾಯುತ್ತಿದ್ದೆ. ವಾರವಾದರೂ ಬೈಯಲಿಲ್ಲ. ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತ ಕನ್ನಡಿಯಲ್ಲೇ ನನ್ನನ್ನು ನೋಡಿ, "ಅವ್ನು ನಾಲ್ಕ್ ಜನದೆದ್ರು ನನ್ಗೆ ಬೆನ್ ಹಾಕ್ಕೊಂಡ್ ಹೋದ. ನಿನ್ನಿಂದ" ಎಂದರು. ಅಷ್ಟೇ. ಅವರಿಗೆ ನೋವಾಗಿದ್ದು ನನ್ನ ಸುಳ್ಳಿನಿಂದ ಅಲ್ಲ ಎಂದು ತಿಳಿದಾಗ, ನನಗೆ ಅಪ್ಪನ ಮೇಲೂ ಒಂದು ಬಗೆಯ ಅಸಹ್ಯ ಹುಟ್ಟಿತು. ಅದು ನನ್ನ ಮೇಲಿನ ಅಸಹ್ಯವೇ ಇರಬಹುದು.

ವಾರ್ಷಿಕೋತ್ಸವಕ್ಕೆ ಹೋಗದಿದ್ದರೆ ಸೋತಂತಾಗುತ್ತದೆ ಎಂದು ಹೋದೆ. ಹುಡುಗಿಯರ ಸಾಲಿನಲ್ಲಿ ಕೂತೆ. ಅತಿಥಿಗಳು ಅವಳ ಕೈಗೆ ಫಲಕ ಕೊಟ್ಟರು. ಎರಡು ಮಾತಾಡಲು ಮೈಕು ಕೊಟ್ಟರು. ಎಲ್ಲರೂ ಗುರುಗಳನ್ನೂ ಆಡಳಿತ ಮಂಡಳಿಯನ್ನೂ ನೆನೆಯುವ ಜಾಗದಲ್ಲಿ ಅವಳು, ಅಜ್ಜಂಪುರದವರೆಗೆ ಹೋಗಿ ಈ ಫಲಕವನ್ನು ಹೊತ್ತು ತಂದ ಜವಾನರಿಗೆ ನನ್ನ ಕೃತಜ್ಞತೆ ಎಂದು ಹೇಳಿ ಇಳಿದುಬಿಟ್ಟಳು. ಪ್ರಿನ್ಸಿಪಾಲರು ಚಪ್ಪಾಳೆಗೆಂದು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಶಾಲು ಸರಿಮಾಡಿಕೊಂಡರು. ಹುಡುಗರು ಸಿಳ್ಳೆ ಹಾಕಿದರು. ನಾನು ಚಪ್ಪಾಳೆ ತಟ್ಟಲಿಲ್ಲ.

ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ನಾನು ಸೆಕೆಂಡ್ ಕ್ಲಾಸಿನಲ್ಲಿ. ಮುಂದಿನ ಟರ್ಮುಗಳ ಹಾಳೆಯನ್ನು ಬೇರೆ ಯಾರೋ ಬರೆದರು.

ಎಂಬತ್ತರ ದಶಕದ ನಡುವೆ ನಾನು ತರೀಕೆರೆಯ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಮೇಡಂ ಆಗಿದ್ದೆ. ಅವ್ವನಿಗೆ ಕಾಯಿಲೆಯಾಗಿ, ಅಜ್ಜಂಪುರದ ಕಡೆಗೆ ವರ್ಗ ಕೇಳಿಕೊಂಡು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ವರ್ಗಾವಣೆಯ ಫೈಲು ನೋಡುವ ಮೇಜಿನಲ್ಲಿ ಆಕೆ, ಅದೇ ನನ್ನ ಸಹಪಾಠಿ, ಕೂತಿದ್ದರು. ಕನ್ನಡಕ ಬಂದಿತ್ತು. ನನ್ನನ್ನು ಗುರುತು ಹಿಡಿದದ್ದು ಖಂಡಿತ. ಅರ್ಜಿಯನ್ನು ಪೂರ್ತಿ ಓದಿ, "ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿಲ್ಲ. ತಂದು ಕೊಡಿ" ಎಂದರು. ಕೊಡಿ ಎಂಬ ಆ ಬಹುವಚನ ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಆವತ್ತು ಕಾಲೇಜಿನಲ್ಲಿ ನಾನು, ಎಂದು ಏನೋ ಶುರುಮಾಡಿದೆ.

"ಹಿಂದೆ ಜನ ಕಾಯ್ತಾ ಇದಾರೆ" ಎಂದರು ಆಕೆ.

ಸರ್ಟಿಫಿಕೇಟ್ ತಂದುಕೊಟ್ಟೆ. ಫೈಲು ತಡವಾಗುತ್ತದೆ, ಏನಾದರೊಂದು ಕೊಕ್ಕೆ ಬೀಳುತ್ತದೆ ಎಂದು ಕಾದೆ. ಹಾಗಾದರೆ ಚೆನ್ನಾಗಿರುತ್ತದೆ ಎಂದು ಒಳಗೊಳಗೆ ಬಯಸಿದೆ ಕೂಡ. ಆಕೆಯನ್ನು ದ್ವೇಷಿಸಲು ಆಗಲಾದರೂ ಒಂದು ನ್ಯಾಯವಾದ ಕಾರಣ ಸಿಗುತ್ತಿತ್ತು. ಆದೇಶ ಸರಿಯಾಗಿ, ಸರದಿಯ ಪ್ರಕಾರ ಬಂತು. ಒಂದು ದಿನ ಮುಂಚೆಯೂ ಇಲ್ಲ, ಹಿಂದೆಯೂ ಇಲ್ಲ. ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ಜೊತೆಯ ಮೇಷ್ಟ್ರು ಹೇಳಿದರು. ನಾನು ಹೋಗಲಿಲ್ಲ.

ಊರಿಗೆ ಸಾಮಾನು ಸಾಗಿಸುವ ವಾರ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಆಕೆಯನ್ನು ಇನ್ನೊಮ್ಮೆ ಕಂಡೆ. ನಡುವೆ ನಾಲ್ಕು ಮಾರು ದೂರ. ಅಜ್ಜಂಪುರದ ಬಸ್ ಬಂದು ನಿಂತಾಗ ಆಕೆ ಮುಂದಿನ ಬಾಗಿಲಿನಿಂದ ಹತ್ತಿದರು, ನಾನು ಹಿಂದಿನ ಬಾಗಿಲಿಗೆ ಹೋದೆ.