ಗೊರವದ ಕಾಲಿನ ನೀಲಿ ಬಳೆ

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಕಾವೂರು ಕೆರೆ. ತೆಳು ಮಂಜು. ಬೆಳ್ಳಕ್ಕಿ ಹನ್ನೊಂದು, ನೀರುಕಾಗೆ ನಾಲ್ಕು, ಗೊರವ ಒಂದು. ಆ ಒಂದಕ್ಕಾಗಿಯೇ ನಾನೂ ನನ್ನ ಗೆಳತಿಯೂ ಬಂದದ್ದು.

ಗೊರವವೆಂದರೆ ಚಳಿಗಾಲಕ್ಕೆ ಉತ್ತರದಿಂದ ಬಂದು ನೀರಿನ ಅಂಚಿನಲ್ಲಿ ಬಾಲ ಕುಣಿಸುತ್ತ ಹುಳ ಹೆಕ್ಕುವ ಸಣ್ಣ ಹಕ್ಕಿ. ಡಿಸೆಂಬರಿನಲ್ಲಿ ಇದರ ಬಲಗಾಲಲ್ಲಿ ಲೋಹದ ಬಳೆ ಕಂಡ ದಿನ, ಎಂಟು ಗಂಟೆಯ ಪೂಜೆಗೆ ಹೋದರೂ ಇಗರ್ಜಿಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಎಲ್ಲೋ ಯಾರೋ ಇದನ್ನು ಹಿಡಿದು, ತೂಗಿ, ಸಂಖ್ಯೆ ಕೊರೆದ ಬಳೆ ತೊಡಿಸಿ ಬಿಟ್ಟಿದ್ದಾರೆ. ಸಂಖ್ಯೆ ಓದಲು ಸಿಕ್ಕಿದರೆ ಆ ಊರು ತಿಳಿಯುತ್ತದೆ. ಆ ಲೋಹದ ಬಳೆಯ ಮೇಲೆಯೇ ನೀಲಿ ಬಣ್ಣದ ಇನ್ನೊಂದು ಬಳೆಯೂ ಕಂಡಿತ್ತು. ಮೂರು ಭಾನುವಾರ ನಾನು ಹಕ್ಕಿ ಲೆಕ್ಕದ ಪುಸ್ತಕದಲ್ಲಿ 'ಬಲಗಾಲು: ಲೋಹ, ನೀಲಿ' ಎಂದೇ ಬರೆದೆ. ನಮ್ಮ ಕೆರೆಗೆ ಬಣ್ಣದ ಬಳೆಯ ಹಕ್ಕಿ ಬಂದಿದೆಯೆಂದು ಗೆಳತಿ ಸಿಕ್ಕಿದವರಿಗೆಲ್ಲ ಹೇಳಿದಳು.

ಜನವರಿಯ ಆ ಭಾನುವಾರ ಅವಳು ದೊಡ್ಡ ಕ್ಯಾಮೆರಾ ತಂದಿದ್ದಳು. ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿ, ನನ್ನ ಕೈಗೆ ಕೊಟ್ಟಳು.

"ಬಳೆ ಅಲ್ಲ ಮಾರಾಯ್ತಿ. ದಾರ."

ಮೀನು ಹಿಡಿಯುವ ಗಾಳದ ನೀಲಿ ನೈಲಾನ್ ದಾರ. ಲೋಹದ ಬಳೆಯ ಅಂಚಿಗೆ ಸಿಕ್ಕಿ ಕಾಲಿಗೆ ಸುತ್ತಿಕೊಂಡಿತ್ತು. ಕೆಳಗೆ ಪಾದ ಊದಿತ್ತು. ಬಳೆ ಇರದಿದ್ದರೆ ದಾರ ಜಾರಿ ಹೋಗುತ್ತಿತ್ತೋ ಏನೋ.

"ಹಿಡಿದು ಬಿಡಿಸುವಾ. ನಿನ್ನ ಮಾವನಲ್ಲಿ ಬಲೆ ಉಂಟಲ್ಲ?" ಎಂದಳು.

"ಅದು ಬಂಗುಡೆ ಮೀನಿನ ಬಲೆ. ಇದರ ರೆಕ್ಕೆ ಮುರೀತದೆ."

"ಮತ್ತೆ ಎಂತ ಮಾಡುದು? ಹೀಗೆ ಲೆಕ್ಕ ಬರೀತಾ ಕೂತ್ಕೊಳ್ಳುದಾ?"

ಹಕ್ಕಿಗಳಿಗೆ ಬಳೆ ತೊಡಿಸುವುದನ್ನು ನಮಗೊಮ್ಮೆ ತೋರಿಸಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆವು.

"ಪರವಾನಗಿ ಇಲ್ಲದೆ ಬಲೆ ಕಟ್ಲಿಕ್ಕೆ ಆಗುದಿಲ್ಲ ಮಗಾ. ನಾನು ಅರ್ಜಿ ಹಾಕ್ತೇನೆ. ಆದ್ರೆ ಅದು ಸಿಗುವಷ್ಟರಲ್ಲಿ ಹಕ್ಕಿ ವಾಪಸ್ ಹೋಗಿರ್ತದೆ. ನೀವು ಅದನ್ನು ಓಡಿಸ್ಬೇಡಿ. ಓಡಿ ಕಾಲಿಗೆ ಭಾರ ಬಿದ್ದಷ್ಟೂ ದಾರ ಬಿಗೀತದೆ."

ಅಲ್ಲಿಂದ ಮುಂದಿನ ಭಾನುವಾರಗಳಲ್ಲಿ ನಾವು ಇನ್ನಷ್ಟು ದೂರ ಕೂತೆವು. ದಡದಲ್ಲಿ ಬಿದ್ದಿದ್ದ ದಾರಗಳನ್ನು ಹೆಕ್ಕಿ ಚೀಲಕ್ಕೆ ತುಂಬಿದೆವು. ಕಾಲಿನಲ್ಲಿದ್ದ ದಾರ ಕಾಲಿನಲ್ಲೇ ಇತ್ತು.

ನಿನ್ನೆಯ ಭಾನುವಾರ ಗೊರವ ಒಂಟಿ ಕಾಲಲ್ಲಿ ನಿಂತಿತ್ತು. ಗಟ್ಟಿಮುಟ್ಟಾದ ಗೊರವವೂ ಚಳಿಗೆ ಹಾಗೆಯೇ ನಿಲ್ಲುತ್ತದೆ. ಬಲಗಾಲು ಗರಿಯೊಳಗೆ ಮಡಚಿಕೊಂಡಿತ್ತೋ, ದಾರ ಬಿಗಿದು ಉದುರಿಯೇ ಹೋಗಿತ್ತೋ ತಿಳಿಯಲಿಲ್ಲ. ಕೆಳಗಿಳಿಸುವವರೆಗೆ ಕಾಯುತ್ತ ಕೂತೆವು. ಪೂಜೆಯ ಹೊತ್ತು ಮೀರಿತು.

"ಒಂದು ಸಣ್ಣ ಕಲ್ಲು ಬಿಸಾಡುವಾ? ಹಾರುವಾಗ ಕಾಣ್ತದೆ," ಎಂದಳು ಗೆಳತಿ. ಕಲ್ಲು ಹೆಕ್ಕಿದವಳು ಮತ್ತೆ ಅದನ್ನು ಅಲ್ಲೇ ಇಟ್ಟಳು.

ಅಷ್ಟರಲ್ಲಿ ಯಾರದೋ ನಾಯಿ ದಡಕ್ಕೆ ಓಡಿ ಬಂತು. ಹಕ್ಕಿ ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಆಚೆಯ ಜೊಂಡಿನೊಳಗೆ ಸೇರಿತು. ಏನೂ ಕಾಣಲಿಲ್ಲ. 'ಬಲಗಾಲು' ಎಂದು ಬರೆದು ಮುಂದೆ ಖಾಲಿ ಬಿಟ್ಟೆ.

ಕಾವೂರು ಕೆರೆಯ ಸುತ್ತ ನಡೆಯುವವರು ಈ ಹಕ್ಕಿಯನ್ನು ಕಂಡರೆ ದಯವಿಟ್ಟು ಹತ್ತಿರ ಹೋಗಬೇಡಿ. ಅದು ಬಲಗಾಲನ್ನು ನೆಲಕ್ಕೆ ಊರುತ್ತದೆಯೇ ಎಂಬುದನ್ನಷ್ಟೇ ನನಗೆ ಬರೆಯಿರಿ. ಬಲೆ ಇಲ್ಲದೆ ದಾರ ಬಿಡಿಸುವ ದಾರಿ ಗೊತ್ತಿದ್ದವರು ಅದು ಹೊರಡುವ ಮೊದಲೇ ಬರೆಯಿರಿ.